ಒಲ್ಲೆ ಎಂಬ ಹೋಂವರ್ಕು

ನಮ್ಮ ಸೀಮೆಯಲ್ಲಿ ಒಗ್ಗರಣೆ ಎಂದರೆ ಸಾರಿಗೆ ಹಾಕುವ ಸಾಸಿವೆ ಕರಿಬೇವಲ್ಲ, ಅದೊಂದು ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಬೆಂದ ಬಾಣಲೆಗೆ ಸುರುವಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಬೇಗಬೇಗ ಮಗುಚಿದರೆ ಮುಗಿಯಿತು. ಆ ಬೇಗದಲ್ಲೇ ಅದರ ಗುಟ್ಟಿರುವುದು. ಕೈ ಸ್ವಲ್ಪ ತಡೆದರೂ ಮಂಡಕ್ಕಿ ತಳ ಹಿಡಿದು ಮುದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಈಚೆಗೆ ಹೆಚ್ಚುಕಡಿಮೆ ದಿನವೂ ಮುದ್ದೆಯೇ. ಏಕೆಂದರೆ ಸರಿಯಾಗಿ ಅದೇ ಹೊತ್ತಿಗೆ ಚಿಗಟೇರಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು, ನಮ್ಮ ಕಡೆಯ ಅರಸೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಿರುವವರು, ಉಚ್ಚಂಗಿದುರ್ಗದಿಂದ ಇನ್ನೂ ಹೊರಡದೆ ತಲೆ ಬಾಚಿಕೊಳ್ಳುತ್ತಿರುವವರು, ನನ್ನ ವಿದ್ಯಾರ್ಥಿಗಳೆಲ್ಲ ಸೇರಿ ನನ್ನ ಫೋನಿಗೆ ಧ್ವನಿ ಸಂದೇಶಗಳನ್ನು ಕಳಿಸಲು ಆರಂಭಿಸುತ್ತಾರೆ. ಸೌಟು ಒಂದು ಕೈಯಲ್ಲಿ, ಫೋನು ಒಂದು ಕಿವಿಯಲ್ಲಿ. "ಇವತ್ತೂ ನಿನ್ನ ಪಾಠ ತಳ ಹಿಡದೈತಿ ನೋಡು" ಎಂದು ನನ್ನ ಯಜಮಾನರು ತಟ್ಟೆಯನ್ನು ಮೂಸಿ ನೋಡುತ್ತಾರೆ. ತಿನ್ನುವುದನ್ನಂತೂ ಬಿಡುವುದಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಕೊಟ್ಟೂರಿನಲ್ಲಿ ಮನೆ, ಕಾಲೇಜು ಒಂದು ಬಸ್ಸಿನ ದಾರಿಯಷ್ಟು ದೂರದ ಪಟ್ಟಣದಲ್ಲಿ. ತರಗತಿಗೊಂದು ಮೊಬೈಲ್ ಗ್ರೂಪು ಮಾಡಿ ಅದರಲ್ಲಿ ಪಾಠ ಹೇಳುತ್ತೇನೆಂಬುದು ಈ ಭಾಗದಲ್ಲಿ ನನ್ನ ಕೀರ್ತಿಯೂ ಹೌದು, ಅಪಕೀರ್ತಿಯೂ ಹೌದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಈ ಮೊಬೈಲು ಬಂದು ಹುಡುಗರು ಹಾಳಾದರು, ನೀವು ನೋಡಿದರೆ ಅದರಲ್ಲೇ ಪಾಠ ಮಾಡುತ್ತೀರಂತೆ" ಎಂದು ಕೆಣಕುತ್ತಾರೆ. ನಾನು ಸುಮ್ಮನಿರುವ ಪೈಕಿಯಲ್ಲ. "ಹುಡುಗರು ಹಾಳಾದ ಸುದ್ದಿ ನಿಮಗೆ ಯಾವುದರಲ್ಲಿ ಬಂತು?" ಎಂದು ಕೇಳುತ್ತೇನೆ. ಬೆಳಗಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಊರಿಗೆಲ್ಲ ಹಂಚುವವರು, ಯಾರೋ ಕಳಿಸಿದ ಮನೆಮದ್ದನ್ನು ಓದದೆಯೇ ಮುಂದಕ್ಕೆ ದಾಟಿಸುವವರು, ಇವರಿಂದ ನಾನು ಸಂಯಮದ ಉಪದೇಶ ಕೇಳಬೇಕೆ? ನೆಗಡಿಯಾಯಿತೆಂದು ಮೂಗು ಕೊಯ್ಯುವ ವೈದ್ಯ ನನಗೆ ಬೇಡ. ಸಂತೆಯಲ್ಲಿ ಕಳ್ಳರಿರುತ್ತಾರೆಂದು ಯಾರಾದರೂ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾರೆಯೆ?

ಗ್ರೂಪು ನನಗೆ ಶೋಕಿಯಾಗಿ ಬಂದದ್ದಲ್ಲ, ಗತಿಯಿಲ್ಲದೆ ಬಂದದ್ದು. ಮೊದಲ ಅವಧಿಯ ಪಾಠ ಅರ್ಧ ಮುಗಿದಾಗ ಹಳ್ಳಿಯ ಬಸ್ಸು ಬರುತ್ತದೆ. ಕೊನೆಯ ಅವಧಿ ಅರ್ಧವಾದಾಗ ಅದೇ ಬಸ್ಸು ಹೊರಡುತ್ತದೆ. ನಡುವೆ ಉಳಿದ ಹೊತ್ತಿನಲ್ಲಿ ಮಕ್ಕಳು ಎದುರಿಗೆ ಕೂತಿರುತ್ತಾರೆ ನಿಜ, ಆದರೆ ಬಾಯಿಗೆ ಬೀಗ. ಪ್ರಶ್ನೆ ಕೇಳಿದರೆ ಎಲ್ಲರೂ ಒಟ್ಟಿಗೆ ಪುಸ್ತಕದೊಳಗೆ ಏನನ್ನೋ ಹುಡುಕತೊಡಗುತ್ತಾರೆ. ಉತ್ತರ ಗೊತ್ತಿಲ್ಲದೆ ಅಲ್ಲ. ಎದ್ದು ನಿಂತು ಬಾಯಿಬಿಟ್ಟರೆ 'ಐತಿ' ಎಂಬುದು ಹೊರಬೀಳುತ್ತದೆ, 'ಇದೆ' ಎಂದು ಹೇಳಬೇಕಾದಲ್ಲಿ 'ಐತಿ' ಬಂದರೆ ಪಟ್ಟಣದ ಹುಡುಗರು ನಗುತ್ತಾರೆ ಎಂಬ ಅಂಜಿಕೆ. ಕನ್ನಡದ ತರಗತಿಯಲ್ಲಿ ಕನ್ನಡ ಮಾತಾಡಲು ಹೆದರುವ ಕನ್ನಡದ ಮಕ್ಕಳು! ನನಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದು ಕಂಡಿಲ್ಲ. ಅದೇ ಮಕ್ಕಳು ಬಸ್ಸಿನ ಮೂಲೆಯಲ್ಲಿ, ಸೆರಗು ವೇಲುಗಳ ಮರೆಯಲ್ಲಿ, ಫೋನನ್ನು ತುಟಿಗೆ ತಾಗಿಸಿ ಮಾತಾಡಿದರೆ ಕೇಳಬೇಕು ನೀವು. ಎದುರಿಗೆ ಮುಖವಿಲ್ಲ, ನಗುವವರಿಲ್ಲ. ತಡವರಿಸಿದರೆ ಅಳಿಸಿ ಮತ್ತೆ ಹೇಳಬಹುದು. ಹಾಗೆ ಬರುವ ಮಾತಿನಲ್ಲಿ ಹಿಂದೆ ಕಂಡಕ್ಟರನ ಸೀಟಿ, ಕೋಳಿ, ಕುಕ್ಕರು ಎಲ್ಲ ಇರುತ್ತವೆ. ಮುಂದೆ ಮಾತ್ರ ಉತ್ತರ ಸ್ಪಷ್ಟವಾಗಿ ಇರುತ್ತದೆ.

ಈ ಸಲ ಕೊಟ್ಟ ಪಾಠ ನಿಷೇಧಾರ್ಥಕ ಕ್ರಿಯಾಪದ. ಹೆಸರು ಕೇಳಿಯೇ ಅರ್ಧ ತರಗತಿ ಕಣ್ಣುಮುಚ್ಚುತ್ತದೆ, ನೀವೂ ಮುಚ್ಚಬೇಡಿ ದಯವಿಟ್ಟು. 'ತಿನ್ನುವುದಿಲ್ಲ', 'ಬರುವುದಿಲ್ಲ' ಎಂದು ನಾವು ಇಂದು ಬಾಲ ಹಚ್ಚಿ ಹೇಳುವುದನ್ನು ಹಿಂದಿನವರು ಒಂದೇ ಪದದಲ್ಲಿ ಮುಗಿಸುತ್ತಿದ್ದರು: ತಿನ್ನೆನು, ಬಾರೆನು. ಇಲ್ಲ ಎನ್ನಲು 'ಇಲ್ಲ' ಎಂಬ ಪದವೇ ಬೇಕಿರಲಿಲ್ಲ. ಇದನ್ನು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ಯಾರದೋ ತಿಥಿಯ ಮಂತ್ರ ಕೇಳಿದಂತೆ ಕೂತಿರುತ್ತಾರೆ. ಅದಕ್ಕೆ ನಾನು ಉದಾಹರಣೆಯನ್ನು ಪುಸ್ತಕದಿಂದ ಎತ್ತಲಿಲ್ಲ, ಅವರ ಬಾಯಿಂದಲೇ ಎತ್ತಿದೆ. ಬೆಂಗಳೂರು ಮೈಸೂರಿನ ಜನ 'ಬೇಡ' ಅನ್ನುವಲ್ಲಿ ನಾವೇನು ಅನ್ನುತ್ತೇವೆ? 'ಒಲ್ಲೆ'. ಇನ್ನೊಂದು ರೊಟ್ಟಿ ಹಾಕಲೇ ಅಂದರೆ ಒಲ್ಲೆ. ಸ್ನಾನಕ್ಕೆ ಬಾ ಅಂದರೆ ಕೂಸು ಹೇಳುತ್ತದೆ, ನಾ ಒಲ್ಲೆ. ನೀವು ನಾಚಿಕೆಯಿಂದ ಅಡಗಿಸಿಡುವ ನಿಮ್ಮ ಅಡುಗೆಮನೆಯ ಮಾತು ಹಳಗನ್ನಡದ ಮನೆಮಗಳು ಎಂದೆ. ಕ್ಲಾಸು ಮೊದಲ ಸಲ ತಲೆಯೆತ್ತಿತು.

ಆ ಪದದ ಸೊಗಸನ್ನು ನಿಮಗೂ ಸ್ವಲ್ಪ ಹೇಳಬೇಕು. 'ಬೇಡ' ಎಂಬುದರಲ್ಲಿ ಯಾರೂ ಇಲ್ಲ. ಯಾರಿಗೆ ಬೇಡ? ನನಗೋ, ಮನೆಯವರಿಗೋ, ದೇವರಿಗೋ? ಅದು ಗಾಳಿಯಲ್ಲಿ ತೂಗಾಡುವ ಮಾತು. 'ಒಲ್ಲೆ' ಎಂದರೆ ಹಾಗಲ್ಲ. ಅದರ ಕೊನೆಯಲ್ಲಿ 'ನಾನು' ಕೂತಿದ್ದೇನೆ, ಬೇರೆ ಯಾರ ಮೇಲೂ ಹೊರಿಸಲು ಬಾರದಂತೆ. ಇನ್ನೂ ಚೆಂದವೆಂದರೆ ಅದರ ಬೇರು 'ಒಲ್' ಎಂಬುದು, ಒಲವು ಹುಟ್ಟಿದ್ದೂ ಅದೇ ಬೇರಿನಿಂದ. ಒಲಿಯಲು ಬಲ್ಲವರಿಗೆ ಮಾತ್ರ ಒಲ್ಲೆ ಎನ್ನಲು ಬರುತ್ತದೆ ಎಂದು ನಾನು ನಂಬಿದ್ದೇನೆ, ವ್ಯಾಕರಣದವರು ಒಪ್ಪಲಿ ಬಿಡಲಿ.

ಹೋಂವರ್ಕು ಕೊಟ್ಟೆ: ಮನೆಯಲ್ಲಿ ಯಾರಾದರೂ ಒಲ್ಲೆ ಅಂದದ್ದನ್ನು ಹೇಳಿ, ಆಮೇಲೆ ಆ ಕ್ರಿಯಾಪದದ ಎಲ್ಲ ರೂಪಗಳನ್ನು ಜೋರಾಗಿ ಹೇಳಿ ಗ್ರೂಪಿಗೆ ಕಳಿಸಬೇಕು. ಸಂಜೆಯಾಗುತ್ತಿದ್ದಂತೆ ಫೋನಿಗೆ ಜಾತ್ರೆ ನೆರೆಯಿತು. ಒಬ್ಬನ ಅಜ್ಜ ಮಾತ್ರೆ ಒಲ್ಲ, ಒಬ್ಬಳ ತಮ್ಮ ಶಾಲೆ ಒಲ್ಲ, ಒಬ್ಬರ ಮನೆಯ ಎಮ್ಮೆ ಹೊಸ ಹುಲ್ಲು ಒಲ್ಲದು. ನಗುತ್ತ ನಗುತ್ತ ಕೇಳುತ್ತಿದ್ದೆ. ಹಾಲಮ್ಮನದು ಮಾತ್ರ ಬರಲಿಲ್ಲ.

ಹಾಲಮ್ಮ ಎರಡನೆಯ ವರ್ಷದ ಬಿ.ಎ. ಹುಡುಗಿ, ಚಿಗಟೇರಿಯ ಆಚೆಯ ಒಂದು ಸಣ್ಣ ಹಳ್ಳಿಯವಳು. ಮನೆಯಲ್ಲಿ ಹೊಲ ಇದೆ, ಕುರಿಹಿಂಡು ಇದೆ. ತರಗತಿಯಲ್ಲಿ ಕಂಬದ ಹಿಂದೆ ಕೂರುವವಳು, ಗ್ರೂಪಿನಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಕಳಿಸುವವಳು. ಅವಳ ಹೋಂವರ್ಕು ಬಾರದಿದ್ದುದಕ್ಕೆ ಕಾರಣ ಅದು ಹೋಗಬೇಕಾದಲ್ಲಿಗೆ ಹೋಗದೆ ಇನ್ನೆಲ್ಲಿಗೋ ಹೋಗಿದ್ದು. ಅವಳ ಫೋನಿನಲ್ಲಿ ನಮ್ಮ ತರಗತಿಯ ಗ್ರೂಪಿನ ಮೇಲೆಯೇ ಅವರ ಮನೆತನದ ಗ್ರೂಪು ಇತ್ತು. ಅದೇ ಸಂಜೆ ಅವಳ ಅಜ್ಜಿ, ತಾಯಿಯ ತಾಯಿ, ಮೊಮ್ಮಗನ ಕೈಯಲ್ಲಿ ಗುಂಡಿ ಒತ್ತಿಸಿಕೊಂಡು ಎಲ್ಲ ಬಂಧುಗಳಿಗೂ ಒಂದು ಮಾತು ಕಳಿಸಿದ್ದಳು: "ನಮ್ಮ ಹಾಲಮ್ಮನ್ನ ನಮ್ಮ ಮೈಲಪ್ಪಗ ಮಾಡಿಕೆಂಬಾಣ ಅಂತ ಐತಿ. ಎಲ್ಲಾರೂ ಏನಂತೀರಿ, ಹೇಳ್ರಿ." ಮೈಲಪ್ಪ ಆ ಅಜ್ಜಿಯ ಕಿರಿಮಗ, ಹಾಲಮ್ಮನ ಸೋದರಮಾವ. ನಮ್ಮಲ್ಲಿ ಸೋದರಮಾವನಿಗೆ ಹುಡುಗಿಯನ್ನು ಕೊಡುವುದು ಕೇಳಿ ಮಾಡುವ ಕೆಲಸವಲ್ಲ, ಹೇಳಿ ಮಾಡುವ ಕೆಲಸ. ಅಜ್ಜಿ ಕೇಳಿದ್ದು ಬಾಯಿಮಾತಿಗೆ.

ಆ ಬಾಯಿಮಾತಿನ ಬೆನ್ನಿಗೇ, ಅದನ್ನಿನ್ನೂ ಕೇಳಿರದ ಹಾಲಮ್ಮನ ಹೋಂವರ್ಕು, ಮನೆಯ ಕತೆ ಬಿಟ್ಟು ಬರೀ ಕ್ರಿಯಾಪದದ ರೂಪಗಳು, ಬಂದು ಬಿತ್ತು. ಗಟ್ಟಿ ಧ್ವನಿ, ಬಿಡಿಬಿಡಿ ಉಚ್ಚಾರ: "ನಾನು ಒಲ್ಲೆನು. ನಾವು ಒಲ್ಲೆವು. ನೀನು ಒಲ್ಲೆ. ನೀವು ಒಲ್ಲಿರಿ. ಅವನು ಒಲ್ಲನು. ಅವಳು ಒಲ್ಲಳು. ಅವರು ಒಲ್ಲರು. ಅದು ಒಲ್ಲದು. ಅವು ಒಲ್ಲವು."

ಮನೆತನಕ್ಕೆ ಮನೆತನವೇ, ದನಕರು ಸಮೇತ, ಈ ಸಂಬಂಧವನ್ನು ತಿರಸ್ಕರಿಸಿದಂತಾಯಿತು. ತಪ್ಪು ತಿಳಿದಾಗ ಹುಡುಗಿ ಗಾಬರಿಯಲ್ಲಿ ಅದನ್ನು ಅಳಿಸಲು ಹೋಗಿ, ಎಲ್ಲರ ಫೋನಿನಿಂದ ಅಳಿಸುವ ಬದಲು ತನ್ನ ಫೋನಿನಿಂದ ಮಾತ್ರ ಅಳಿಸಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದವರು ಈ ಗುಂಡಿಯನ್ನು ನೋಡಿಯೇ ಹೇಳಿರಬೇಕು. ಅವಳಿಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಅದು ಕೇಳುತ್ತಿತ್ತು, ಹಡಗಲಿಯಲ್ಲಿದ್ದ ದೊಡ್ಡಮ್ಮನಿಂದ ಹಿಡಿದು ಕೂಡ್ಲಿಗಿಯ ಬೀಗರವರೆಗೆ.

ಎರಡು ದಿನ ಹಾಲಮ್ಮ ಕಾಲೇಜಿಗೆ ಬರಲಿಲ್ಲ. ಮೂರನೆಯ ದಿನ ಪ್ರಾಂಶುಪಾಲರ ಕೋಣೆಗೆ ನನಗೆ ಕರೆ ಬಂತು. ಹೋದರೆ ಹಾಲಮ್ಮನ ಅಪ್ಪ ಕರಿಯಪ್ಪ, ಹೆಗಲ ಮೇಲೆ ಟವೆಲು, ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ. ಮಗಳ ಫೋನು ಅವನ ಅಂಗಿಯ ಜೇಬಿನಲ್ಲಿದೆ. ಬಾಗಿಲ ಬಳಿ ಮೈಲಪ್ಪ, ಸೊರಗಿದ ಮುಖದ ಮೂವತ್ತರ ಆಳು. ಗೋಡೆಗೆ ಅಂಟಿಕೊಂಡು ಹಾಲಮ್ಮ.

"ಮೇಡಮ್ಮೋರೆ, ಏನ್ ಕಲಿಸ್ತೀರ್ರಿ ನೀವು? ನಮ್ಮತ್ತಿ ಅನ್ನ ಬಿಟ್ಟು ಕುಂತಾಳ. ನಿಮ್ಮ ಪಾಠದಿಂದ ನಮ್ಮ ಮಾನ ಊರೆಲ್ಲಾ ಹರದಾಡೈತಿ" ಎಂದ ಕರಿಯಪ್ಪ.

"ಅದು ಹೋಂವರ್ಕು ಕರಿಯಪ್ಪನವರೆ. ತಪ್ಪಿ ಆ ಗ್ರೂಪಿಗೆ ಹೋಗಿದೆ."

"ಅದನ್ನ ಹೇಳ್ರಿ ಮತ್ತ. ಈ ಫೋನಿನಾಗ ಹೇಳ್ರಿ. ಅದು ಬರೀ ಪಾಠ, ಹುಡುಗಿ ಒಪ್ಯಾಳ ಅಂತ ಎಲ್ಲಾರಿಗೂ ಕೇಳಂಗ ಹೇಳ್ರಿ. ನಿಮ್ಮ ಮಾತಂದ್ರ ನಂಬ್ತಾರ."

ಪ್ರಾಂಶುಪಾಲರು ಒಳ್ಳೆಯವರು, ತಂಟೆ ಎಂದರೆ ತಲೆನೋವು ಬರುವಷ್ಟು ಒಳ್ಳೆಯವರು. "ಹೇಳಿಬಿಡಿ ಮೇಡಂ, ಒಂದು ಮಾತು. ಹಾಗೆಯೇ ಆ ಗ್ರೂಪನ್ನೂ ಇವತ್ತೇ ಮುಚ್ಚಿಬಿಡಿ. ಕರಿಹಲಗೆ ಇದೆ, ಸೀಮೆಸುಣ್ಣ ಇದೆ, ಅಷ್ಟು ಸಾಲದೆ?" ಎಂದರು. ಫೋನು ನನ್ನ ಮುಂದೆ ಮೇಜಿನ ಮೇಲೆ ಬಂತು.

ಆ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ತೂಗಿ ನೋಡಿದೆ. 'ಅದು ಪಾಠ' ಎಂಬುದು ನಿಜ. 'ಹುಡುಗಿ ಒಪ್ಯಾಳ' ಎಂಬುದು ನನಗೆ ಹೇಗೆ ಗೊತ್ತು? ನಿಜದ ಬೆನ್ನಿಗೆ ಒಂದು ಸುಳ್ಳನ್ನು ಕಟ್ಟಿ ಸಾಗಿಸಿರಿ ಎಂದು ಕೇಳುತ್ತಿದ್ದಾರೆ, ಅದೂ ಕನ್ನಡದ ಮೇಡಂ ಬಾಯಿಂದ. ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ? ಕರಿಯಪ್ಪನ ಮೇಲಲ್ಲ, ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೆ ಪಾಪ ಸಂಕೋಚ ಎಂದು ಹೆಸರಿಟ್ಟು, ಅವರ ಪರವಾಗಿ ನಾವೇ ಎಲ್ಲ ಉತ್ತರ ಹೇಳಿ ಮುಗಿಸುವ ನಮ್ಮೆಲ್ಲರ ಅಭ್ಯಾಸದ ಮೇಲೆ. ಮನೆಯಲ್ಲಿ ಅಪ್ಪ ಹೇಳುತ್ತಾನೆ, ಮದುವೆಯಲ್ಲಿ ಅಜ್ಜಿ ಹೇಳುತ್ತಾಳೆ, ಪರೀಕ್ಷೆಗೆ ಗೈಡು ಹೇಳುತ್ತದೆ. ಈ ಮಕ್ಕಳಿಗೆ ತಮ್ಮದೇ ಧ್ವನಿಯನ್ನು ತಾವೇ ಕೇಳುವ ಜಾಗ ಎಂದು ನಾನು ಮಾಡಿಕೊಟ್ಟದ್ದು ಅದೊಂದು ಗ್ರೂಪು. ಅದನ್ನೂ ಮುಚ್ಚಿ, ಹೋಗುವಾಗ ಅವಳ ಪರವಾಗಿ ಒಪ್ಪಿಗೆಯನ್ನೂ ಕೊಟ್ಟು ಹೋಗಬೇಕಂತೆ.

"ಪಾಠ ಅಂತ ಹೇಳುತ್ತೇನೆ. ಒಪ್ಪಿದ್ದಾಳೆ ಅಂತ ನಾನು ಹೇಳುವುದಿಲ್ಲ. ಅವಳು ಇಲ್ಲೇ ಇದ್ದಾಳಲ್ಲ, ಅವಳನ್ನೇ ಕೇಳಿ" ಎಂದೆ.

ಕರಿಯಪ್ಪ ಮಗಳ ಕಡೆ ತಿರುಗಲಿಲ್ಲ, ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದ. ಹಾಲಮ್ಮ ವೇಲಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇವಳೂ ಈಗ ಪುಸ್ತಕದೊಳಗೆ ಹುಡುಕತೊಡಗುತ್ತಾಳೆ ಎಂದುಕೊಂಡೆ. ಆದರೆ ಹುಡುಕಲು ಅಲ್ಲಿ ಪುಸ್ತಕವಿರಲಿಲ್ಲ.

"ಕಳಿಸಿದ್ದು ತಪ್ಪಿ ಹೋಗಿತ್ತಪ್ಪ" ಎಂದಳು. "ಅಜ್ಜಿ ಕೇಳಿದ್ದು ನನಗ ಗೊತ್ತಿರಲಿಲ್ಲ, ದೇವರಾಣಿ. ಆದ್ರ ಗೊತ್ತಿದ್ರೂ ನಾ ಅದನ್ನ ಅಂತಿದ್ದೆ. ನಾ ಒಲ್ಲೆ. ಮಾವ ಕೆಟ್ಟೋನಂತ ಅಲ್ಲ. ನಾ ಓದಬೇಕು."

ಕರಿಯಪ್ಪ ಎದ್ದು ನಿಂತ. ಏನಾಗುತ್ತಿತ್ತೋ ಏನೋ, ಅಷ್ಟರಲ್ಲಿ ಬಾಗಿಲ ಬಳಿಯಿಂದ ಮೈಲಪ್ಪ ಕೆಮ್ಮಿದ. "ಮಾವಾ, ಒಂದ್ ಮಾತು" ಎಂದ. ಅಕ್ಕನ ಗಂಡನಿಗೆ ಎದುರು ಮಾತಾಡಿದ್ದು ಅವನ ಜನ್ಮದಲ್ಲಿ ಅದೇ ಮೊದಲಿರಬೇಕು. "ಅದರಾಗ 'ಅವನು ಒಲ್ಲನು' ಅಂತಾನೂ ಹೇಳ್ಯಾಳಲ್ಲ... ಅದೂ ಖರೇನ ಐತಿ. ನಾ ಎತ್ತಿ ಆಡಿಸಿದ ಕೂಸದು. ಜ್ವರ ಬಂದಾಗ ಹೆಗಲ ಮ್ಯಾಲ ಹೊತ್ತುಕೊಂಡು ದವಾಖಾನಿಗೆ ಹೋಗೀನಿ. ಅವ್ವಗ ಹೇಳಾಕ ನನಗ ಬಾಯಿ ಬರ್ಲಿಲ್ಲ. ಇಕಿ ಹೇಳಿಬಿಟ್ಲು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಬಂಧವನ್ನು ಇಬ್ಬರೂ ಒಲ್ಲರು. ಆದರೆ ಇಬ್ಬರಿಗೂ ಅದನ್ನು ಹೇಳುವ ಜಾಗವೇ ಇರಲಿಲ್ಲ, ಒಂದು ವ್ಯಾಕರಣದ ಪಾಠ ದಾರಿ ತಪ್ಪಿ ಹೋಗಿ ಹೇಳಿಬಂತು. ಕರಿಯಪ್ಪನಿಗೆ ಮಾತ್ರ ಇದರಲ್ಲಿ ಸೊಗಸೇನೂ ಕಾಣಲಿಲ್ಲ. "ಎಲ್ಲಾರೂ ಶಾಣ್ಯಾರಾಗೀರಿ" ಎಂದಷ್ಟೇ ಹೇಳಿ, ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಟ. ಮಗಳು ಹಿಂದೆ ನಡೆದಳು. ಬಾಗಿಲು ದಾಟುವಾಗ ನನ್ನ ಕಡೆ ಒಮ್ಮೆ ನೋಡಿದಳು. ಮದುವೆ ತಪ್ಪಿತು ನಿಜ, ಕಾಲೇಜೂ ತಪ್ಪಿತೇನೋ ಎಂದುಕೊಂಡೆ.

ಪ್ರಾಂಶುಪಾಲರು ನೀರು ಕುಡಿದು, "ಗ್ರೂಪಿನ ವಿಷಯ?" ಎಂದರು. ಮುಚ್ಚುವುದಿಲ್ಲ ಸಾರ್ ಎಂದೆ. ತಪ್ಪಾದದ್ದು ಗುಂಡಿಯಲ್ಲಿ, ಗ್ರೂಪಿನಲ್ಲಲ್ಲ. ಮುಚ್ಚಲೇಬೇಕೆಂದಿದ್ದರೆ ಬರವಣಿಗೆಯಲ್ಲಿ ಕೊಡಿ, ಆ ಆದೇಶದ ಭಾಷೆಯನ್ನು ತಿದ್ದಿ ಅದನ್ನೂ ತರಗತಿಯಲ್ಲಿ ಪಾಠ ಮಾಡುತ್ತೇನೆ ಎಂದೆ. ಅವರು ಬರವಣಿಗೆಯಲ್ಲಿ ಕೊಡಲಿಲ್ಲ. ನನ್ನ ಹಿಂದೆ ಬಹಳ ಮಾತಾಡಿಕೊಂಡರು, ಆಡಿಕೊಳ್ಳಲಿ.

ನಮ್ಮ ಸಹೋದ್ಯೋಗಿಗಳು ನನ್ನನ್ನು ಕೇಳುವ ದೊಡ್ಡ ಪ್ರಶ್ನೆಯೆಂದರೆ, ಜಾಲತಾಣದಲ್ಲಿ ಗುರು ಎಲ್ಲಿ, ಶಿಷ್ಯ ಎಲ್ಲಿ, ಎದುರುಬದುರು ಕೂತು ಕಲಿಯುವ ಸುಖ ಎಲ್ಲಿ ಎಂಬುದು. ಸುಖ ಇದೆ, ಒಪ್ಪುತ್ತೇನೆ. ಆದರೆ ಆ ಎದುರುಬದುರಿನಲ್ಲಿ ಎದುರು ಯಾವಾಗಲೂ ನಾವು, ಬದುರು ಯಾವಾಗಲೂ ಅವರು. ನನ್ನ ಕರಿಹಲಗೆಯ ಮೇಲೆ ನಾನೊಬ್ಬಳೇ ಬರೆಯುತ್ತೇನೆ. ಈ ಗ್ರೂಪಿನಲ್ಲಿ ಬಸ್ಸಿಗೆ ಕಾಯುವವಳೂ ಬರೆಯುತ್ತಾಳೆ. ಅಲ್ಲಿ ಹೊಲಸು ಇಲ್ಲವೆ, ಸುಳ್ಳು ಇಲ್ಲವೆ? ಇದೆ, ಬೇಕಾದಷ್ಟಿದೆ. ಅದಕ್ಕೇ ಅಲ್ಲವೆ ಮೇಷ್ಟರು ಅಲ್ಲಿರಬೇಕಾದದ್ದು? ಮಕ್ಕಳು ಇರುವಲ್ಲಿಗೆ ಹೋಗಲು ಒಪ್ಪದೆ, ನಾವಿರುವಲ್ಲಿಗೆ ಅವರು ಬರಲಿಲ್ಲವೆಂದು ಮುನಿಸಿಕೊಳ್ಳುವ ಮೇಷ್ಟರು ಕುಣಿಯಲಾರದೆ ನೆಲ ಡೊಂಕೆಂದವರ ಜಾತಿ. ನನಗೆ ಕುಣಿತ ಅಷ್ಟೇನೂ ಬರುವುದಿಲ್ಲ, ಆದರೆ ನೆಲವನ್ನು ಬಯ್ಯಲಾರೆ.

ಗ್ರೂಪು ನಡೆಯಿತು. ನಿಷೇಧ ಮುಗಿದು ಪ್ರಶ್ನಾರ್ಥಕಕ್ಕೆ ಬಂದೆವು. ಹಾಲಮ್ಮ ಬರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರನ್ನು ಎರಡು ಸಲ ಕೂಗುತ್ತಿದ್ದೆ. ಅವಳ ಫೋನು ಮಾತ್ರ ಗ್ರೂಪಿನಲ್ಲೇ ಇತ್ತು. ಅದನ್ನು ತೆಗೆದುಹಾಕಲು ನನಗೆ ಮನಸ್ಸು ಬರಲಿಲ್ಲ, ತೆಗೆಯುವುದು ಹೇಗೆಂದು ಕರಿಯಪ್ಪನಿಗೆ ಗೊತ್ತಿರಲಿಲ್ಲ. ನಾವು ಕಳಿಸಿದ್ದೆಲ್ಲ ಅವನ ಅಂಗಿಯ ಜೇಬಿನಲ್ಲಿ, ಕುರಿಗಳ ನಡುವೆ, ಹೊಲದ ಬದುವಿನ ಮೇಲೆ ಕೂಗಿಕೊಳ್ಳುತ್ತಿತ್ತು. ಅದನ್ನು ಅವನು ಕೇಳುತ್ತಿದ್ದನೆಂದು ಯಾರಿಗೆ ತಾನೆ ಹೊಳೆದೀತು?

ಒಂದು ಮಧ್ಯಾಹ್ನ ಹಿಂದಿನ ನಿಷೇಧದ ಪಾಠವನ್ನೇ ಮೆಲುಕು ಹಾಕಿಸೋಣವೆಂದು ಒಂದು ಪ್ರಶ್ನೆ ಹಾಕಿದೆ. ಬರಲು, ಹೇಳಲು ಒಪ್ಪಳು ಎಂಬರ್ಥದ ನಮ್ಮ ಆಡುಮಾತಿನ 'ಬರವಲ್ಲಳು', 'ಹೇಳವಲ್ಲಳು' ಎಂಬ ಪದಗಳ ಒಳಗೆ ಇನ್ನೊಂದು ಪದ ಅಡಗಿದೆ, ಯಾವುದು ಹೇಳಿ ನೋಡೋಣ ಎಂದು. ಮೂರು ನಾಲ್ಕು ಜನ ತಪ್ಪು ಉತ್ತರ ಕಳಿಸಿದರು. ಆಮೇಲೆ ಹಾಲಮ್ಮನ ಹೆಸರಿನಿಂದ ಒಂದು ಧ್ವನಿ ಸಂದೇಶ ಬಂತು. ಒತ್ತಿದರೆ ಕೇಳಿದ್ದು ಗಂಡಸಿನ ಧ್ವನಿ.

"ಮೇಡಮ್ಮೋರೆ, ನಾನ್ರಿ, ಕರಿಯಪ್ಪ. ಆ ಹುಡುಗರು ಹೇಳಿದ್ದೆಲ್ಲಾ ತಪ್ಪಂತ. ನಮ್ಮ ಹಾಲಮ್ಮಗ ಉತ್ತರ ಗೊತ್ತೈತಿ, ಇಲ್ಲೇ ಅಡಿಗಿಮನ್ಯಾಗ ನಿಂತು ಅಂದ್ಲು. ಫೋನು ನನ್ನ ತಾವ ಐತಂತ ಆಕಿ ಹೇಳವಲ್ಲಳು, ಅದಕ್ಕ ಗೊತ್ತಿಲ್ಲಂತ ತಿಳೀಬ್ಯಾಡ್ರಿ. ಆಕಿ ಹೆಸರೇನೂ ಹೊಡದು ಹಾಕಬ್ಯಾಡ್ರಿ ಮತ್ತ, ಸೋಮವಾರ ಬಸ್ಸಿಗೆ ಕಳಸ್ತೀನಿ. ಉತ್ತರ ನಾನ ಹೇಳ್ತೀನಿ, ಬರಕೊಳ್ರಿ. ಅದರೊಳಗ ಇರೋದು ಏನಪಾ ಅಂದ್ರ..."

ಅಲ್ಲಿ ಏನೋ ಸರಬರ ಸದ್ದಾಯಿತು, ಒಂದು ಪಾತ್ರೆ ಉರುಳಿತು. ಮುಂದಿನದು ಅವಳ ಧ್ವನಿ, ಹಿಂದೆ ನಗುವೂ ಇತ್ತು.

"ಅಪ್ಪಾ, ಕೊಡಿಲ್ಲಿ. ನಾನ ಹೇಳ್ತೀನಿ."